ರೋಬೋಟ್ ಪದ ಕೊಟ್ಟ ಕಾರೆಲ್ ಚಾಪೆಕ್

ಮಕ್ಕಳೇ, ಯಂತ್ರಮಾನವರ ಸೈನ್ಯ ಮನುಷ್ಯರ ಮೇಲೆ ಯುದ್ಧಕ್ಕೆ ಬರುವ ಕಥೆಗಳನ್ನು ನೀವು ಓದಿರಬಹುದು, ಟಿ.ವಿ.ಯಲ್ಲಿ ನೋಡಿರಬಹುದು. ಒಂದು ಕಡೆ ಬಂದೂಕು ಹಿಡಿದ ಸೈನಿಕರು. ಇನ್ನೊಂದು ಕಡೆ ದಣಿವಿಲ್ಲದ, ಹೆದರಿಕೆಯಿಲ್ಲದ, ತಾವೇ ಯೋಚಿಸಬಲ್ಲ ಯಂತ್ರಗಳು. ಇಂಥ ಕಥೆಗಳಿಗೆ ಅಜ್ಜನಂತಿರುವ ನಾಟಕವೊಂದಿದೆ. ‘ರೋಬೋಟ್’ ಎಂಬ ಪದ ಜಗತ್ತಿಗೆ ಬಂದದ್ದೂ ಆ ನಾಟಕದಿಂದಲೇ. ಅದನ್ನು ಬರೆದವರು ವಿಜ್ಞಾನಿಯಲ್ಲ, ಎಂಜಿನಿಯರೂ ಅಲ್ಲ. ಬೆನ್ನುನೋವಿನಿಂದ ಕೋಲೂರಿಕೊಂಡು ನಡೆಯುತ್ತಿದ್ದ ಒಬ್ಬ ಪತ್ರಕರ್ತರು. ಹೆಸರು ಕಾರೆಲ್ ಚಾಪೆಕ್.

ಚಾಪೆಕ್ ಹುಟ್ಟಿದ್ದು 1890ರ ಜನವರಿ 9ರಂದು, ಯೂರೋಪಿನ ಬೊಹೀಮಿಯಾ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಆ ಪ್ರಾಂತ್ಯ ಈಗ ಚೆಕ್ ಗಣರಾಜ್ಯದಲ್ಲಿದೆ; ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು. ತಂದೆ ಆ ಕಡೆಯ ಹಳ್ಳಿಗಾಡಿನ ವೈದ್ಯರು. ಸುತ್ತಮುತ್ತ ಕಲ್ಲಿದ್ದಲ ಗಣಿಗಳು, ಬಟ್ಟೆ ಗಿರಣಿಗಳು. ಕಾರ್ಮಿಕರ ಬದುಕನ್ನು ಮಕ್ಕಳು ಹತ್ತಿರದಿಂದಲೇ ಕಂಡರು. ಅಕ್ಕ ಹೆಲೆನಾ, ಅಣ್ಣ ಯೋಸೆಫ್, ಕೊನೆಯವನು ಕಾರೆಲ್. ಅಣ್ಣ-ತಮ್ಮ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ. ದೊಡ್ಡವರಾದ ಮೇಲೆ ಯೋಸೆಫ್ ಚಿತ್ರಕಾರರಾದರು, ಕಾರೆಲ್ ಬರಹಗಾರರಾದರು. ಹಲವು ಕಥೆ, ನಾಟಕಗಳನ್ನು ಇಬ್ಬರೂ ಸೇರಿಯೇ ಬರೆದರು.

ಕಾಲೇಜಿನ ದಿನಗಳಲ್ಲೇ ಕಾರೆಲ್‌ಗೆ ಬೆನ್ನುಮೂಳೆಯ ಕಾಯಿಲೆ ಅಂಟಿಕೊಂಡಿತು. ಬೆನ್ನುಮೂಳೆಯ ಕೀಲುಗಳು ಊದಿಕೊಂಡು ಕ್ರಮೇಣ ಬಿಗಿಯಾಗುವ ಕಾಯಿಲೆ ಅದು. ಕತ್ತು ತಿರುಗಿಸುವುದೂ ಕಷ್ಟವಾಗುತ್ತಿತ್ತು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾದಾಗ, ಈ ಕಾಯಿಲೆಯಿಂದಾಗಿ ಅವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲ. 1915ರಲ್ಲಿ ಪ್ರಾಗ್ ನಗರದಲ್ಲಿ ತತ್ತ್ವಶಾಸ್ತ್ರದ ಡಾಕ್ಟರೇಟ್ ಪಡೆದು, ಮುಂದೆ ಪತ್ರಿಕೆಯ ಕೆಲಸಕ್ಕೆ ಸೇರಿದರು.

ಆ ಯುದ್ಧ ಹಿಂದಿನ ಯುದ್ಧಗಳಂತಿರಲಿಲ್ಲ. ಮೆಷಿನ್‌ಗನ್, ವಿಷಾನಿಲ, ವಿಮಾನ, 1916ರಿಂದ ಟ್ಯಾಂಕು! ಪ್ರಯೋಗಶಾಲೆ ಮತ್ತು ಕಾರ್ಖಾನೆಗಳಲ್ಲಿ ಹುಟ್ಟಿದ ಜಾಣತನವೆಲ್ಲ ರಣರಂಗಕ್ಕೆ ಹೋಯಿತು. ಲಕ್ಷಾಂತರ ಯುವಕರು ಸತ್ತರು. ಕಾಯಿಲೆಯಿಂದ ಮನೆಯಲ್ಲುಳಿದ ಚಾಪೆಕ್ ಇದನ್ನೆಲ್ಲ ನೋಡಿದರು. 1918ರಲ್ಲಿ ಯುದ್ಧ ಮುಗಿದು ಚೆಕೊಸ್ಲೊವಾಕಿಯಾ ಎಂಬ ಹೊಸ ದೇಶ ಹುಟ್ಟಿತು. ಎರಡು ವರ್ಷಗಳ ನಂತರ ಚಾಪೆಕ್ ತಮ್ಮ ಪ್ರಸಿದ್ಧ ನಾಟಕ ಬರೆದರು.

ನಾಟಕದ ಹೊಳಹು ಸಿಕ್ಕಿದ್ದು ಟ್ರಾಮ್ ಗಾಡಿಯಲ್ಲಂತೆ. ಒಂದು ದಿನ ಪ್ರಾಗ್‌ನ ಟ್ರಾಮಿನಲ್ಲಿ ಜನ ಕಿಕ್ಕಿರಿದು ನಿಂತಿದ್ದರು. ಅವರು ಮನುಷ್ಯರಂತೆ ಅಲ್ಲ, ಯಂತ್ರಗಳಂತೆ ಕಂಡರಂತೆ. ಕೆಲಸ ಮಾತ್ರ ಗೊತ್ತಿರುವ, ಸುಖ ದುಃಖ ಗೊತ್ತಿಲ್ಲದ ಕೃತಕ ಕೆಲಸಗಾರರನ್ನು ತಯಾರಿಸಿದರೆ ಹೇಗಿರುತ್ತದೆ? ಕಥೆಯೇನೋ ಸಿಕ್ಕಿತು. ಆದರೆ ಆ ಕೆಲಸಗಾರರನ್ನು ಏನೆಂದು ಕರೆಯುವುದು? ದುಡಿಮೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಲಾಬೊರಿ’ ಎಂದು ಮಾಡಿ ನೋಡಿದರು. ಅದು ತೀರ ಪುಸ್ತಕದ ಮಾತಿನಂತೆ ಕೇಳಿಸಿತು. ಅಣ್ಣನ ಬಳಿ ಹೋದರು. ಯೋಸೆಫ್ ಬಾಯಲ್ಲಿ ಕುಂಚ ಕಚ್ಚಿಕೊಂಡು ಚಿತ್ರ ಬರೆಯುತ್ತಿದ್ದರು. ತಿರುಗಿಯೂ ನೋಡದೆ, ಹಾಗಾದರೆ ರೋಬೋಟ್ ಎಂದು ಕರೆ ಎಂದು ಗೊಣಗಿದರಂತೆ. ಪದ ಹುಟ್ಟಿಯೇ ಬಿಟ್ಟಿತು! ಅದು ಅಣ್ಣನ ಪದ, ತನ್ನದಲ್ಲ ಎಂದು ಚಾಪೆಕ್ 1933ರಲ್ಲಿ ಪತ್ರಿಕೆಯಲ್ಲೇ ಬರೆದು ತಿಳಿಸಿದರು.

ಚೆಕ್ ಭಾಷೆಯಲ್ಲಿ ‘ರೊಬೊತ’ ಎಂದರೆ ಬಿಟ್ಟಿ ಚಾಕರಿ. ರೈತರು ವಾರದಲ್ಲಿ ಕೆಲವು ದಿನ ಜಮೀನ್ದಾರನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯಲೇಬೇಕಿತ್ತು. ನಮ್ಮಲ್ಲೂ ಬಿಟ್ಟಿ ದುಡಿಮೆ ಇತ್ತಲ್ಲ, ಅಂಥದ್ದೇ. ಅಲ್ಲಿ 1848ರಲ್ಲಿ ಅದನ್ನು ರದ್ದು ಮಾಡಿದರು. ಹಾಗಾಗಿ ಚಾಪೆಕ್‌ರ ನಾಡಿನ ಜನಕ್ಕೆ ಈ ಪದ ಕೇಳಿದೊಡನೆ ಯಂತ್ರ ನೆನಪಾಗಲಿಲ್ಲ, ಅಜ್ಜ ಮುತ್ತಜ್ಜಂದಿರ ಬಾಗಿದ ಬೆನ್ನು ನೆನಪಾಯಿತು.

ನಾಟಕದ ಹೆಸರು ‘ಆರ್.ಯು.ಆರ್.’ ಅದರಲ್ಲಿ ಬರುವ ಕಂಪನಿಯ ಹೆಸರಿನ ಮೊದಲ ಅಕ್ಷರಗಳು ಇವು. ಒಂದು ದ್ವೀಪದಲ್ಲಿ ಆ ಕಂಪನಿಯ ಕಾರ್ಖಾನೆ. ರೋಬೋಟ್ ಚಿತ್ರ ಬಿಡಿಸಿ ಎಂದರೆ ನೀವೆಲ್ಲ ಚೌಕಾಕಾರದ ತಗಡಿನ ತಲೆ, ಅದರ ಮೇಲೊಂದು ಆಂಟೆನಾ ಬಿಡಿಸುತ್ತೀರಿ, ಅಲ್ಲವೇ? ಚಾಪೆಕ್‌ರ ರೋಬೋಟುಗಳು ತಗಡಿನವಲ್ಲ. ಜೀವದ್ರವ್ಯದಂತಹ ರಾಸಾಯನಿಕ ವಸ್ತುವನ್ನು ಕಲಸಿ, ನರ, ಮೂಳೆ, ಚರ್ಮಗಳನ್ನು ಬೇರೆ ಬೇರೆ ಮಾಡಿ, ಕೊನೆಗೆ ಜೋಡಿಸಿದ ಕೃತಕ ಮನುಷ್ಯರು ಅವು. ಜನ ಅವನ್ನು ಲೋಹದ ಬೊಂಬೆಗಳೆಂದು ತಿಳಿದದ್ದು ಚಾಪೆಕ್‌ಗೆ ಇಷ್ಟವಾಗಲಿಲ್ಲ.

ನಾಟಕದಲ್ಲಿ ಯುದ್ಧ ಶುರುವಾಗುವ ಬಗೆಯನ್ನು ಗಮನಿಸಿ. ರೋಬೋಟುಗಳು ಮೊದಲು ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿಯುತ್ತವೆ. ಕೆಲಸ ಕಳೆದುಕೊಂಡ ಕಾರ್ಮಿಕರು ಸಿಟ್ಟಿಗೆದ್ದು ಅವನ್ನು ಒಡೆದುಹಾಕುತ್ತಾರೆ. ಆಗ ಕಾರ್ಮಿಕರನ್ನು ಎದುರಿಸಲು ರೋಬೋಟುಗಳ ಕೈಗೇ ಆಯುಧ ಕೊಡಲಾಗುತ್ತದೆ! ಮುಂದೆ ಸರ್ಕಾರಗಳು ಅವನ್ನೇ ಸೈನಿಕರನ್ನಾಗಿ ಮಾಡಿ ಪರಸ್ಪರ ಯುದ್ಧಕ್ಕೆ ಕಳಿಸುತ್ತವೆ. ಹೇಳಿದಷ್ಟು ಮಾಡುವ, ಸತ್ತರೆ ಅಳುವವರಿಲ್ಲದ ಸೈನಿಕರು ಯಾವ ಸರ್ಕಾರಕ್ಕೆ ಬೇಡ? ಹೀಗೆ ಕೊಲ್ಲುವುದನ್ನು ಕಲಿಸಿದವರು ಮನುಷ್ಯರೇ. ಕೊನೆಗೆ ಎಲ್ಲ ರೋಬೋಟುಗಳು ಒಂದಾಗಿ ಮನುಷ್ಯರ ವಿರುದ್ಧ ತಿರುಗುತ್ತವೆ.

ಕಾರ್ಖಾನೆಯಲ್ಲಿ ಸಿಕ್ಕಿಬಿದ್ದ ಕೆಲವೇ ಜನ ಕಬ್ಬಿಣದ ಬೇಲಿಗೆ ವಿದ್ಯುತ್ ಹರಿಸಿ ಕಾಯುತ್ತಾರೆ. ವಿದ್ಯುತ್ ನಿಲ್ಲುತ್ತದೆ, ರೋಬೋಟುಗಳು ಒಳನುಗ್ಗುತ್ತವೆ. ಒಬ್ಬರನ್ನು ಮಾತ್ರ ಕೊಲ್ಲದೆ ಬಿಡುತ್ತವೆ. ಅವರು ಅಲ್‌ಕ್ವಿಸ್ಟ್ ಎಂಬ ಕಟ್ಟಡ ಕೆಲಸದ ಮುಖ್ಯಸ್ಥ. ಏಕೆಂದರೆ ಅವರು ತಮ್ಮಂತೆಯೇ ಕೈಯಿಂದ ದುಡಿಯುವವರು! ನನಗೆ ಈ ನಾಟಕದಲ್ಲಿ ತುಂಬ ಹಿಡಿಸಿದ ಭಾಗ ಇದೇ. ಆದರೆ ಗೆದ್ದ ರೋಬೋಟುಗಳಿಗೂ ಸುಖವಿಲ್ಲ. ಅವು ಮರಿ ಹಾಕಲಾರವು. ತಯಾರಿಕೆಯ ಸೂತ್ರ ಬರೆದ ಕಾಗದ ಮೊದಲೇ ಸುಟ್ಟುಹೋಗಿದೆ. ಮುಂದೇನಾಯಿತು ಎಂಬುದನ್ನು ದೊಡ್ಡವರಾದ ಮೇಲೆ ನೀವೇ ಓದಿಕೊಳ್ಳಿ.

1921ರ ಜನವರಿಯಲ್ಲಿ ನಾಟಕ ರಂಗಕ್ಕೆ ಬಂತು. 1922ರಲ್ಲಿ ನ್ಯೂಯಾರ್ಕ್, 1923ರಲ್ಲಿ ಲಂಡನ್. ನಾಟಕದೊಂದಿಗೆ ಪದವೂ ಊರೂರು ಸುತ್ತಿತು. ಕಾರ್ಖಾನೆಯಲ್ಲಿ ನಿಜವಾದ ರೋಬೋಟ್ ತೋಳು ಕೆಲಸ ಆರಂಭಿಸಿದ್ದು 1961ರಲ್ಲಿ, ಅಮೆರಿಕದ ಕಾರು ಕಾರ್ಖಾನೆಯೊಂದರಲ್ಲಿ. ಯಾರನ್ನು ಕೊಲ್ಲಬೇಕೆಂದು ಯಂತ್ರವೇ ತೀರ್ಮಾನಿಸುವ ಆಯುಧಗಳು ಇರಬೇಕೇ, ಬೇಡವೇ ಎಂದು ದೇಶಗಳು 2014ರಿಂದ ಜಿನೀವಾ ನಗರದಲ್ಲಿ ಸೇರಿ ಚರ್ಚೆ ಮಾಡುತ್ತಿವೆ. ನಾಟಕ ಬರೆದು ಆಗ ತೊಂಬತ್ತು ವರ್ಷ ದಾಟಿತ್ತು.

ಚಾಪೆಕ್ ಸದಾ ಗಂಭೀರವಾಗಿರುತ್ತಿದ್ದರು ಎಂದುಕೊಳ್ಳಬೇಡಿ. ಅವರಿಗೆ ತೋಟದ ಹುಚ್ಚು. ಗಿಡ ನೆಡುವವರ ಪಾಡನ್ನು ಕುರಿತು ನಗೆ ತರಿಸುವ ಪುಸ್ತಕವನ್ನೇ ಬರೆದರು. ಮನೆಯಲ್ಲಿ ಹುಟ್ಟಿದ ದಾಶೆಂಕಾ ಎಂಬ ನಾಯಿಮರಿಯ ಫೋಟೋ ತೆಗೆದು, ಅದರ ಚೇಷ್ಟೆಗಳನ್ನು ಮಕ್ಕಳಿಗಾಗಿ ಪುಸ್ತಕ ಮಾಡಿದರು.

ಅಷ್ಟರಲ್ಲಿ ಪಕ್ಕದ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ. ಹೇಳಿದಂತೆ ಹೆಜ್ಜೆ ಹಾಕುವ ಮನುಷ್ಯರ ಸಾಲುಗಳು ಈಗ ನಿಜವಾಗಿಯೇ ಕಾಣತೊಡಗಿದವು. ಚಾಪೆಕ್ ಸುಮ್ಮನಿರಲಿಲ್ಲ. 1936ರಲ್ಲಿ ಬುದ್ಧಿಯುಳ್ಳ ಸಲಮಾಂಡರ್ ಪ್ರಾಣಿಗಳಿಗೆ ಮನುಷ್ಯರು ಆಯುಧ ಕೊಟ್ಟು ಕೆಡುವ ಕಾದಂಬರಿ, 1937ರಲ್ಲಿ ಯುದ್ಧದಾಹಿ ಸರ್ವಾಧಿಕಾರಿಯ ನಾಟಕ ಬರೆದರು. 1938ರ ಸೆಪ್ಟೆಂಬರಿನಲ್ಲಿ ದೊಡ್ಡ ದೇಶಗಳು ಸೇರಿ ಚೆಕೊಸ್ಲೊವಾಕಿಯಾದ ಗಡಿಭಾಗವನ್ನು ಹಿಟ್ಲರನಿಗೆ ಕೊಟ್ಟುಬಿಟ್ಟವು. ದೇಶ ಬಿಟ್ಟುಹೋಗಲು ಗೆಳೆಯರು ಹೇಳಿದರೂ ಚಾಪೆಕ್ ಒಪ್ಪಲಿಲ್ಲ. ಅದೇ ವರ್ಷ ಡಿಸೆಂಬರ್ 25ರಂದು ನ್ಯುಮೋನಿಯಾದಿಂದ ತೀರಿಕೊಂಡರು. ವಯಸ್ಸು ಕೇವಲ 48. ಪೆನಿಸಿಲಿನ್ ಪತ್ತೆಯಾಗಿ ಆಗಲೇ ಹತ್ತು ವರ್ಷವಾಗಿತ್ತು, ಆದರೆ ಔಷಧವಾಗಿ ರೋಗಿಗಳಿಗೆ ಸಿಗುವ ಕಾಲ ಇನ್ನೂ ಬಂದಿರಲಿಲ್ಲ.

1939ರ ಮಾರ್ಚಿನಲ್ಲಿ ಜರ್ಮನ್ ಸೈನ್ಯ ಪ್ರಾಗ್ ನಗರವನ್ನು ಹಿಡಿಯಿತು. ಹಿಟ್ಲರನ ಗುಪ್ತ ಪೊಲೀಸರು ಚಾಪೆಕ್‌ರನ್ನು ಬಂಧಿಸಲು ಮನೆಗೆ ಬಂದರು. ಅವರು ಸತ್ತಿರುವ ಸುದ್ದಿಯೇ ಆ ಪೊಲೀಸರಿಗೆ ತಿಳಿದಿರಲಿಲ್ಲ! ಆದರೆ ಯೋಸೆಫ್ ತಪ್ಪಿಸಿಕೊಳ್ಳಲಿಲ್ಲ. ಅದೇ ಸೆಪ್ಟೆಂಬರ್ 1ರಂದು ಅವರನ್ನು ಹಿಡಿದು ಸೆರೆಶಿಬಿರಕ್ಕೆ ತಳ್ಳಿದರು. ರೋಬೋಟ್ ಎಂಬ ಪದವನ್ನು ಕಂಡುಕೊಟ್ಟ ಆ ಚಿತ್ರಕಾರರು ಸುಮಾರು ಐದೂವರೆ ವರ್ಷ ಶಿಬಿರದಿಂದ ಶಿಬಿರಕ್ಕೆ ಅಲೆದು, 1945ರ ಏಪ್ರಿಲ್‌ನಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ತೀರಿಕೊಂಡರು. ಮರುತಿಂಗಳೇ ಯೂರೋಪಿನಲ್ಲಿ ಯುದ್ಧ ಮುಗಿಯಿತು.