ಅಂಧರ ಬಾಳಿಗೆ ಸ್ವರವಿತ್ತ ಗಾನಯೋಗಿ ಪಂಚಾಕ್ಷರ ಗವಾಯಿಗಳು

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿ ಒಂದು ಪುಟ್ಟ ಗ್ರಾಮ. ಅಂದು ಧಾರವಾಡ ಜಿಲ್ಲೆಯಲ್ಲಿದ್ದ ಈ ಊರು 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಅಲ್ಲಿಯ ಜಂಗಮ ಮನೆತನದ ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗಳಿಗೆ 1892ರ ಫೆಬ್ರುವರಿ 2ರಂದು ಜನಿಸಿದ ಗಂಡುಮಗುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಮಗುವಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಅಣ್ಣ ಗುರುಬಸಯ್ಯನೂ ಹುಟ್ಟು ಕುರುಡನೇ. ಒಂದೇ ಒಡಲಿನ ಎರಡು ಕುಡಿಗಳು ಹೀಗಾದುದನ್ನು ಕಂಡ ತಾಯಿಯ ಸಂಕಟವನ್ನು ವಿವರಿಸಬೇಕಾದುದಿಲ್ಲ.

ಆ ಕಾಲದ ಹಳ್ಳಿಗಳಲ್ಲಿ ಅಂಧತ್ವವು ಅಪರೂಪದ ಸಂಗತಿಯಾಗಿರಲಿಲ್ಲ. ಸಿಡುಬು ಊರನ್ನು ಹೊಕ್ಕು ಹೋದ ಮೇಲೆ ಬದುಕಿ ಉಳಿದ ಮಕ್ಕಳಲ್ಲಿ ಕೆಲವರ ಕಣ್ಣಿಗೆ ಹೂ ಬಿದ್ದಿರುತ್ತಿತ್ತು. ಬರಗಾಲದಲ್ಲಿ ಸೊಪ್ಪು, ಹಾಲು, ಬೆಣ್ಣೆ ಕಾಣದೆ ಬೆಳೆದ ಕೂಸುಗಳಿಗೆ ಮೊದಲು ಇರುಳುಗಣ್ಣು ಬರುತ್ತಿತ್ತು, ಬಳಿಕ ಕರಿಗುಡ್ಡೆಯೇ ಕರಗುತ್ತಿತ್ತು. ಕಣ್ಣುಬೇನೆಗೆ ಸಿಕ್ಕ ಸೊಪ್ಪಿನ ರಸವನ್ನು ಹಿಂಡಿ ಇದ್ದ ನೋಟವನ್ನೂ ಕಳೆದವರುಂಟು. ಇಂದು ಈ ಕಾರಣಗಳು ಬಹುಮಟ್ಟಿಗೆ ವೈದ್ಯಶಾಸ್ತ್ರದ ಹಿಡಿತಕ್ಕೆ ಬಂದಿವೆ. ಸಿಡುಬು ಭಾರತದಿಂದ ನಿರ್ಮೂಲವಾಯಿತೆಂದು 1977ರಲ್ಲಿ ದೃಢಪಟ್ಟಿತು. ಮಕ್ಕಳಿಗೆ ‘ಎ’ ಜೀವಸತ್ವದ ದ್ರವವನ್ನು ಕುಡಿಸುವ ರಾಷ್ಟ್ರೀಯ ಯೋಜನೆ 1970ರಲ್ಲಿ ಆರಂಭವಾಯಿತು. ಆದರೆ ಗದಿಗೆಯ್ಯನ ಬಾಲ್ಯದಲ್ಲಿ ಇದಾವುದೂ ಇರಲಿಲ್ಲ. ಕಣ್ಣಿಲ್ಲದ ಮಗುವನ್ನು ಪೂರ್ವಜನ್ಮದ ಪಾಪದ ಫಲವೆಂದು ಹೇಳಿ ಮೂಲೆಗೆ ಕೂರಿಸುವುದು, ದೊಡ್ಡದಾದ ಮೇಲೆ ಕೈಗೆ ಕೋಲು ಕೊಟ್ಟು ಬೀದಿಗೆ ಕಳಿಸುವುದು, ಇವೆರಡೇ ಸಾಮಾನ್ಯ ದಾರಿಗಳಾಗಿದ್ದವು. ಮೈಸೂರಿನಲ್ಲಿ 1901ರಲ್ಲಿ ಕಿವುಡ ಮತ್ತು ಕುರುಡ ಮಕ್ಕಳ ಶಾಲೆಯೊಂದು ತೆರೆಯಿತಾದರೂ ಮುಂಬಯಿ ಪ್ರಾಂತದ ಹಳ್ಳಿಗನಿಗೆ ಮೈಸೂರು ಪರರಾಜ್ಯವೇ ಆಗಿತ್ತು.

ಸೋದರರಿಬ್ಬರಿಗೂ ಕಂಠವಿತ್ತು. ಕೇಳಿದ ಹಾಡು ಒಮ್ಮೆಗೇ ಮನಸ್ಸಿನಲ್ಲಿ ನಿಲ್ಲುತ್ತಿತ್ತು. ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಸ್ವಾಮಿಗಳವರ ದೃಷ್ಟಿ ಈ ಮಕ್ಕಳ ಮೇಲೆ ಬಿದ್ದುದು ಅವರ ಭಾಗ್ಯ. ಅನ್ನ ಬಟ್ಟೆ ಕೊಟ್ಟು ಮಠದಲ್ಲಿರಿಸಿಕೊಂಡಿದ್ದರೂ ಅದು ಪುಣ್ಯಕಾರ್ಯವೇ ಆಗುತ್ತಿತ್ತು; ಲೋಕವೂ ಅಷ್ಟಕ್ಕೆ ತೃಪ್ತಿಪಡುತ್ತಿತ್ತು. ಪೂಜ್ಯರು ಅಷ್ಟಕ್ಕೆ ನಿಲ್ಲದೆ ಮಕ್ಕಳಿಗೆ ಕ್ರಮಬದ್ಧವಾದ ಸಂಗೀತಶಿಕ್ಷಣ ದೊರೆಯುವಂತೆ ಏರ್ಪಡಿಸಿದರು. ಅಣ್ಣ ಗುರುಬಸಯ್ಯ ಬಹುಕಾಲ ಬದುಕಲಿಲ್ಲ. ಜೊತೆಯಲ್ಲಿ ಹಾಡುತ್ತಿದ್ದ ದನಿ ನಿಂತುಹೋದ ಮೇಲೆ ತಮ್ಮನು ಒಬ್ಬನೇ ವಿದ್ಯೆಯನ್ನು ಮುಂದುವರಿಸಬೇಕಾಯಿತು.

ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಅಭ್ಯಾಸವಾಯಿತು. ಮಿರಜದ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಪದ್ಧತಿಯ ಪಾಠ ದೊರೆಯಿತು. ಎರಡು ಪದ್ಧತಿಗಳನ್ನೂ ಸಮನಾಗಿ ಸಾಧಿಸಿದವರು ಅಂದಿಗೂ ವಿರಳ, ಇಂದಿಗೂ ವಿರಳ. ಉಭಯಗಾನ ವಿಶಾರದರೆಂಬ ಬಿರುದು ಅವರಿಗೆ ಅನ್ವರ್ಥವಾಗಿ ಸಂದಿತು. ಕುಮಾರ ಸ್ವಾಮಿಗಳು 1909ರಲ್ಲಿ ಬದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗಮಂದಿರದ ವಾತಾವರಣವು ಈ ವಿದ್ಯೆಗೆ ವೈರಾಗ್ಯದ ಬಲವನ್ನಿತ್ತಿತು. ಗದಿಗೆಯ್ಯನು ಪಂಚಾಕ್ಷರ ಗವಾಯಿಯಾದನು. ಆಜನ್ಮ ಬ್ರಹ್ಮಚಾರಿಯಾಗಿ ಉಳಿದು, ಕಲಿತುದನ್ನು ಕಲಿಸುವುದೇ ತನ್ನ ಕಾಯಕವೆಂದು ನಿಶ್ಚಯಿಸಿದನು.

ಇಂಥ ವಿದ್ವತ್ತಿನ ಗಾಯಕರು ಸಂಸ್ಥಾನಗಳ ಆಶ್ರಯದಲ್ಲಿ ಸುಖವಾಗಿರಬಹುದಾಗಿತ್ತು. ಗವಾಯಿಗಳು ಹಾಗೆ ಮಾಡಲಿಲ್ಲ. ಅಂಧ ಬಾಲಕರನ್ನೂ ದಿಕ್ಕಿಲ್ಲದ ಬಡ ಬಾಲಕರನ್ನೂ ಕೂಡಿಸಿಕೊಂಡು ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸತೊಡಗಿದರು. ಶಾಲೆಗೆ ಕಟ್ಟಡವಿರಲಿಲ್ಲ. ಯಾವ ಊರಿನ ಭಕ್ತರು ಬರಮಾಡಿಕೊಳ್ಳುವರೋ ಆ ಊರೇ ಶಾಲೆ. ಬೋಧನೆಯ ಕ್ರಮವಾದರೂ ಎಂಥದು! ಗುರುವಿಗೂ ಕಣ್ಣಿಲ್ಲ, ಶಿಷ್ಯನಿಗೂ ಕಣ್ಣಿಲ್ಲ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ಬ್ರೈಲ್ ಲಿಪಿ ನಿಗದಿಯಾದುದು 1951ರಲ್ಲಿ, ಅಂದರೆ ಗವಾಯಿಗಳು ಲಿಂಗೈಕ್ಯರಾಗಿ ಏಳು ವರ್ಷಗಳಾದ ಮೇಲೆ. ಆದ್ದರಿಂದ ಪುಸ್ತಕದ ಮಾತೇ ಇರಲಿಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ಕಂಠಕ್ಕೆ ವಿದ್ಯೆ ಸಾಗಬೇಕು. ವಾದ್ಯವಾದರೆ ಬೆರಳಿನ ಮೇಲೆ ಬೆರಳಿಟ್ಟು ಸ್ವರದ ಸ್ಥಾನವನ್ನು ತೋರಬೇಕು. ತೊಡೆಯ ಮೇಲೆ ತಟ್ಟಿ ತಾಳವನ್ನು ಎಣಿಸಬೇಕು. ಅಂಧನಾದವನಿಗೆ ಏನು ತಿಳಿಯುವುದಿಲ್ಲ, ಏನು ತಿಳಿಯುತ್ತದೆ ಎಂಬುದನ್ನು ಕಣ್ಣುಳ್ಳ ಶಿಕ್ಷಕನು ಊಹಿಸಬೇಕಾಗುತ್ತದೆ. ಗವಾಯಿಗಳಿಗೆ ಅದು ಸ್ವಾನುಭವವೇ ಆಗಿತ್ತು.

ಪಾಠಕ್ಕಿಂತ ಕಠಿಣವಾದುದು ಊಟದ ಪ್ರಶ್ನೆ. ಹುಡುಗರಿಂದ ಶುಲ್ಕವಿಲ್ಲ, ವಸತಿ, ಪ್ರಸಾದಗಳು ಗುರುವಿನ ಹೊಣೆ. ಜೋಳಿಗೆಗೆ ಬಿದ್ದ ಕಾಳು ಎಷ್ಟು ದಿನ ಸಾಕು? 1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದ ಬಳಿಕ ಬೆನ್ನಿಗಿದ್ದ ದೊಡ್ಡ ಆಸರೆಯೂ ಕಳಚಿತು. ಈ ಬಳಗವನ್ನು ಸಲಹಲು ಗವಾಯಿಗಳು ಕಂಡುಕೊಂಡ ಉಪಾಯಗಳಲ್ಲಿ ನಾಟಕ ಕಂಪನಿಯೂ ಒಂದು. ನಾಟಕವೆಂದರೆ ಹುಬ್ಬು ಗಂಟಿಕ್ಕುವ ಮಡಿವಂತರು ಆಗ ಸಾಕಷ್ಟಿದ್ದರು. ಆದರೆ ರಂಗದಿಂದ ಬಂದ ಹಣ ಹಸಿದ ಮಕ್ಕಳ ಅನ್ನವಾಗುತ್ತಿತ್ತು. ಸಂಗೀತ ಕಲಿತವನಿಗೆ ಅಲ್ಲಿ ದುಡಿಮೆಯೂ ಇತ್ತು. ದಾಸೋಹವನ್ನು ನಡೆಸುವವನು ಕಾಯಕದ ಬಗೆಯನ್ನು ಕಂಡು ನಾಚಬೇಕಾಗಿಲ್ಲ. ಅಲೆದಾಟದ ಬಳಿಕ ಗದುಗಿನ ಬಸರಿಗಿಡದ ವೀರಪ್ಪನವರು ಸ್ಥಳವನ್ನಿತ್ತು ನೆಲೆ ಕಲ್ಪಿಸಿದರು. ಅದೇ ವೀರೇಶ್ವರ ಪುಣ್ಯಾಶ್ರಮ.

ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟಯ್ಯನೆಂಬ ಬಾಲಕನನ್ನು ಅವನ ಸೋದರಮಾವನು ಸಲಹುತ್ತಿದ್ದನು. ಆ ಬಾಲಕನು ಗವಾಯಿಗಳ ಮಡಿಲು ಸೇರಿ ಗಾಯನದೊಡನೆ ಅನೇಕ ವಾದ್ಯಗಳಲ್ಲಿ ಪಳಗಿದನು. ಯಲಿವಾಳದ ಬಸವರಾಜ ರಾಜಗುರು ಕಣ್ಣುಳ್ಳ ಶಿಷ್ಯರು. ಹಂಪೆಯಲ್ಲಿ 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದಾಗ ಈ ತರುಣನು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಿದನು. ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರ ಗವಾಯಿಗಳು! ಶಿಷ್ಯನ ಹಿಂದೆ ಕುಳಿತು ಠೇಕಾ ಹಿಡಿಯುವುದರಲ್ಲಿ ಆ ಗುರುವಿಗೆ ಯಾವ ಸಣ್ಣತನವೂ ತೋರಲಿಲ್ಲ.

1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ವಯಸ್ಸು 52. ಅವರು ಬಿಟ್ಟುಹೋದುದು ಬಾಯಿಪಾಠದ ವಿದ್ಯೆಯನ್ನು, ಊಟಕ್ಕೆ ಕಾದಿದ್ದ ಮಕ್ಕಳ ಪಂಕ್ತಿಯನ್ನು. ಆಶ್ರಮದ ಭಾರವು ಮೂವತ್ತು ವರ್ಷದ ಅಂಧ ಶಿಷ್ಯ ಪುಟ್ಟರಾಜರ ಹೆಗಲಿಗೆ ಬಂದಿತು. ಕಣ್ಣುಳ್ಳವರೇ ಕೈಚೆಲ್ಲಬಹುದಾದ ಹೊಣೆಯನ್ನು ಕಣ್ಣಿಲ್ಲದವರೊಬ್ಬರು ಹೇಗೆ ನಡೆಸಿಯಾರೆಂದು ಶಂಕಿಸಲು ಕಾರಣವಿತ್ತು. ಪುಟ್ಟರಾಜ ಗವಾಯಿಗಳು ಅದನ್ನು 2010ರ ಸೆಪ್ಟೆಂಬರ್ 17ರಂದು ತಾವು ಲಿಂಗೈಕ್ಯರಾಗುವವರೆಗೆ, 66 ವರ್ಷಗಳ ಕಾಲ, ನಡೆಸಿದರು. ಅಲ್ಲಿ ಕಲಿತ ಅಂಧರು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ, ಪುರಾಣ ಪ್ರವಚನಗಳಿಗೆ ಗಾಯಕರಾಗಿ, ತಬಲಾ ವಾದಕರಾಗಿ ನಾಡಿನ ಊರೂರುಗಳಲ್ಲಿ ಸಂಸಾರ ಹೂಡಿದರು.