ಕನೋಸ್ಸಾದ ಒಡತಿ ಮಟಿಲ್ಡಾ

ಮುಂಬಯಿಯ ಮಾಹಿಮ್, ಅಂಧೇರಿ ಕಡೆಯವರಿಗೆ ಕನೋಸ್ಸಾ ಎಂಬ ಹೆಸರು ಹೊಸದೇನಲ್ಲ. ಆ ಹೆಸರಿನ ಶಾಲೆಗಳಲ್ಲಿ ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಓದಿರಬಹುದು. ಆ ಶಾಲೆಗಳ ಹಿಂದಿರುವ ಸನ್ಯಾಸಿನಿಯರ ಸಂಸ್ಥೆಯನ್ನು 1808ರಲ್ಲಿ ಇಟಲಿಯ ವೆರೋನಾದಲ್ಲಿ ಆರಂಭಿಸಿದವರು ಮಗ್ದಲೇನಾ ಕನೋಸ್ಸಾ. ಅವರ ಮನೆತನಕ್ಕೆ ಅಂಟಿದ ಹೆಸರು ಒಂದು ಬೆಟ್ಟದ ಕೋಟೆಯದು. ಆ ಕೋಟೆಯ ಹೆಸರು ಇತಿಹಾಸದಲ್ಲಿ ಉಳಿದದ್ದು ಮಟಿಲ್ಡಾ ಎಂಬ ಹೆಣ್ಣುಮಗಳಿಂದ.

ಉತ್ತರ ಇಟಲಿಯ ರೆಜ್ಜೊ ಎಮಿಲಿಯಾ ಪಟ್ಟಣದಿಂದ ದಕ್ಷಿಣಕ್ಕೆ ಹೊರಟರೆ ಪೋ ನದಿಯ ಬಯಲು ಮುಗಿದು ಅಪೆನೈನ್ ಬೆಟ್ಟಸಾಲು ಶುರುವಾಗುತ್ತದೆ. ಅಲ್ಲಿ ಬಿಳಿಚಿಕೊಂಡ ಬಂಡೆಯ ನೆತ್ತಿಯ ಮೇಲೆ ಕನೋಸ್ಸಾ ಕೋಟೆ ಇದೆ. ಹತ್ತನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವನು ಮಟಿಲ್ಡಾಳ ಮುತ್ತಾತ ಅದಾಲ್ಬೆರ್ತೊ ಅತ್ತೊ. ಸುತ್ತಲಿನ ಗುಡ್ಡಗಳಲ್ಲಿ ರೊಸ್ಸೇನಾ, ಬಿಯಾನೆಲ್ಲೊ, ಕಾರ್ಪಿನೇತಿ ಮುಂತಾದ ಕೋಟೆಗಳಿವೆ. ಬಯಲಿನಿಂದ ಬೆಟ್ಟದಾಚೆಯ ಟಸ್ಕನಿಗೆ ಹೋಗುವ ದಾರಿಗಳೆಲ್ಲ ಈ ಕೋಟೆಗಳ ಕಣ್ಣಳತೆಯಲ್ಲೇ ಇದ್ದವು. ಮನೆತನದ ಬಲವೆಲ್ಲ ಇದ್ದದ್ದು ಅಲ್ಲಿಯೇ.

ಮಟಿಲ್ಡಾ ಹುಟ್ಟಿದ್ದು 1046ರ ಸುಮಾರಿಗೆ. ತಂದೆ ಬೊನಿಫಾಚೊ ಟಸ್ಕನಿಯ ದೊರೆ, ತಾಯಿ ಬೆಯಾಟ್ರಿಸ್ ಲೊರೇನ್ ಪ್ರಾಂತದವಳು. 1052ರಲ್ಲಿ ಬೇಟೆಗೆ ಹೋಗಿದ್ದಾಗ ತಂದೆಯ ಕೊಲೆಯಾಯಿತು. ಕೆಲವೇ ವರ್ಷಗಳಲ್ಲಿ ಅಣ್ಣ, ಅಕ್ಕ ಇಬ್ಬರೂ ತೀರಿಕೊಂಡರು. ತಾಯಿ ಚಕ್ರವರ್ತಿಯ ಒಪ್ಪಿಗೆ ಕೇಳದೆ ಅವನ ವಿರೋಧಿ ಗೊಡ್‌ಫ್ರೆಯನ್ನು ಮದುವೆಯಾದಳು. ಸಿಟ್ಟಾದ ಚಕ್ರವರ್ತಿ ಮೂರನೆಯ ಹೆನ್ರಿ 1055ರಲ್ಲಿ ತಾಯಿ ಮಗಳನ್ನು ಸೆರೆಹಿಡಿದು ಜರ್ಮನಿಗೆ ಒಯ್ದ. ಮರುವರ್ಷ ಅವನು ಸತ್ತ ಮೇಲೆ ಇಬ್ಬರೂ ಊರಿಗೆ ಮರಳಿದರು. ಅಷ್ಟು ದೊಡ್ಡ ಆಸ್ತಿಗೆ ಉಳಿದ ವಾರಸುದಾರಳು ಹತ್ತು ವರ್ಷದ ಈ ಹುಡುಗಿ ಒಬ್ಬಳೇ.

ಮದುವೆಯನ್ನು ಹಿರಿಯರು ಆಸ್ತಿಯ ಲೆಕ್ಕ ಹಾಕಿಯೇ ಗೊತ್ತುಮಾಡಿದ್ದರು. 1069ರಲ್ಲಿ ಮಲತಂದೆಯ ಮಗ, ಗೂನುಬೆನ್ನಿನ ಗೊಡ್‌ಫ್ರೆಯೊಂದಿಗೆ ಲಗ್ನವಾಯಿತು. ಲೊರೇನ್‌ನಲ್ಲಿ 1071ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅಜ್ಜಿಯ ಹೆಸರಿಟ್ಟ ಆ ಕೂಸು ಹೆಚ್ಚು ದಿನ ಬದುಕಲಿಲ್ಲ. ಮರುವರ್ಷ ಮಟಿಲ್ಡಾ ಗಂಡನನ್ನು ಬಿಟ್ಟು ತಾಯಿಯ ಬಳಿ ಬಂದಳು. ಗಂಡ ಎಷ್ಟು ಕರೆದರೂ ಹೋಗಲಿಲ್ಲ. ಅಂದಿನಿಂದ ತಾಯಿ ಮಗಳು ಒಟ್ಟಿಗೆ ಆಡಳಿತ ನಡೆಸಿದರು. 1076ರ ಆರಂಭದಲ್ಲಿ ಗೊಡ್‌ಫ್ರೆಯ ಕೊಲೆಯಾಯಿತು. ಏಪ್ರಿಲ್‌ನಲ್ಲಿ ತಾಯಿಯೂ ತೀರಿಕೊಂಡಳು. ಮೂವತ್ತರ ಆಸುಪಾಸಿನಲ್ಲಿ ಆಕೆ ಒಂಟಿಯಾದಳು, ಒಡತಿಯೂ ಆದಳು.

ಅದೇ ವರ್ಷ ಪೋಪ್ ಏಳನೆಯ ಗ್ರೆಗರಿಗೂ ದೊರೆ ನಾಲ್ಕನೆಯ ಹೆನ್ರಿಗೂ ಜಗಳ ಹತ್ತಿತ್ತು. ಬಿಷಪ್ಪರನ್ನು ನೇಮಿಸುವ ಹಕ್ಕು ಯಾರದು ಎಂಬುದು ಅದರ ಮೂಲ. ಪೋಪ್ ದೊರೆಯನ್ನು ಧರ್ಮದಿಂದ ಹೊರಹಾಕಿದರು. ವರ್ಷದೊಳಗೆ ಕ್ಷಮೆ ಸಿಗದಿದ್ದರೆ ಸಿಂಹಾಸನ ಬಿಡಬೇಕೆಂದು ಜರ್ಮನಿಯ ಪ್ರಭುಗಳು ಪಟ್ಟುಹಿಡಿದರು. ಹೆನ್ರಿ ಹೆಂಡತಿಯನ್ನೂ ಎಳೆಯ ಮಗನನ್ನೂ ಕಟ್ಟಿಕೊಂಡು ಕಡುಚಳಿಯಲ್ಲಿ ಆಲ್ಪ್ಸ್ ದಾಟಿದ. ಸುದ್ದಿ ಕೇಳಿದ ಪೋಪ್ ಮಟಿಲ್ಡಾಳ ಕನೋಸ್ಸಾದಲ್ಲಿ ಆಶ್ರಯ ಪಡೆದರು.

1077ರ ಜನವರಿ ಕೊನೆಯ ವಾರ. ರಾಜಚಿಹ್ನೆಗಳನ್ನು ಕಳಚಿ, ಒರಟು ಉಣ್ಣೆಬಟ್ಟೆ ಉಟ್ಟು, ಬರಿಗಾಲಲ್ಲಿ ದೊರೆ ಮೂರು ದಿನ ಕೋಟೆಯ ಬಾಗಿಲಲ್ಲಿ ಕಾದ. ಒಳಗೆ ಪೋಪ್ ಬಗ್ಗಲಿಲ್ಲ. ಹೆನ್ರಿ ಮಟಿಲ್ಡಾಗೆ ದೂರದ ಸಂಬಂಧಿ, ಅವಳನ್ನು ಸೆರೆಹಿಡಿದಿದ್ದವನ ಮಗ. ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಆಕೆ ಅವನ ಪರವಾಗಿ ಪೋಪ್‌ರಲ್ಲಿ ಬೇಡಿಕೊಂಡಳು. ಹೆನ್ರಿಯ ಅತ್ತೆ ಅಡಲೈಡ್, ಕ್ಲೂನಿ ಮಠದ ಗುರು ಹ್ಯೂ ಅವರೂ ಜೊತೆಗೂಡಿದರು. 28ರಂದು ಬಾಗಿಲು ತೆರೆಯಿತು, ಕ್ಷಮೆ ಸಿಕ್ಕಿತು. ಕನೋಸ್ಸಾಕ್ಕೆ ಹೋಗುವುದು ಎಂದರೆ ತಲೆತಗ್ಗಿಸಿ ಕ್ಷಮೆ ಕೇಳುವುದು ಎಂಬ ಅರ್ಥ ಯುರೋಪಿನ ಭಾಷೆಗಳಲ್ಲಿ ಇಂದಿಗೂ ಇದೆ.

ಚರಿತ್ರೆ ಪುಸ್ತಕಗಳು ಬಹಳ ಸಲ ಅಲ್ಲಿಗೇ ನಿಲ್ಲುತ್ತವೆ. ಆದರೆ ಮಟಿಲ್ಡಾಳ ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ರಾಜಿ ಬಾಳಲಿಲ್ಲ. 1080ರಲ್ಲಿ ಆಕೆಯ ಸೈನ್ಯ ಸೋತಿತು. ಮರುವರ್ಷ ಹೆನ್ರಿ ಆಕೆಯ ಪದವಿ, ಭೂಮಿಗಳೆಲ್ಲ ರದ್ದೆಂದು ಸಾರಿದ. ಟಸ್ಕನಿಯ ಊರುಗಳು ಒಂದೊಂದಾಗಿ ಕೈಬಿಟ್ಟವು. ಪೋಪ್‌ಗೆ ನೆರವಾಗಲೆಂದು ಕನೋಸ್ಸಾದ ದೇವಾಲಯದ ಬೆಳ್ಳಿಬಂಗಾರವನ್ನು ಕರಗಿಸಿ ರೋಮಿಗೆ ಕಳಿಸಿದಳು. ಬೆಟ್ಟದ ಕೋಟೆಗಳು ಮಾತ್ರ ಕೈಯಲ್ಲಿ ಉಳಿದವು. 1084ರ ಜುಲೈನಲ್ಲಿ ಸೊರ್ಬಾರಾ ಬಳಿ ಬೀಡುಬಿಟ್ಟಿದ್ದ ಶತ್ರುಗಳ ಮೇಲೆ ಆಕೆಯ ಪಡೆ ರಾತ್ರಿ ಎರಗಿ ಗೆದ್ದಿತು.

1089ರಲ್ಲಿ ಪೋಪ್‌ರ ಪಕ್ಷಕ್ಕೆ ಬಲ ಬರಲೆಂದು ಎರಡನೆಯ ಮದುವೆ. ಆಕೆಗೆ ನಲವತ್ತು ದಾಟಿತ್ತು, ವರ ಬವೇರಿಯಾದ ವೆಲ್ಫ್‌ಗೆ ಇಪ್ಪತ್ತೂ ತುಂಬಿರಲಿಲ್ಲ. ಕೆಲವೇ ವರ್ಷಗಳಲ್ಲಿ ಇಬ್ಬರೂ ಬೇರೆಯಾದರು.

1091ರಲ್ಲಿ ಮಾಂಟುವಾ ಪಟ್ಟಣವೂ ಚಕ್ರವರ್ತಿಯ ವಶವಾಯಿತು. ಮರುವರ್ಷ ಕಾರ್ಪಿನೇತಿಯ ಸಭೆಯಲ್ಲಿ ಬಹಳ ಮಂದಿ ಸಂಧಿಗೆ ಒಪ್ಪಿಬಿಡು ಎಂದರು. ಸೋತು ಸಾಕಾಗಿದ್ದ ಕಾಲ, ಆಕೆಯೂ ಒಪ್ಪಿದ್ದರೆ ಆಶ್ಚರ್ಯವಿರಲಿಲ್ಲ. ಜೊವಾನ್ನಿ ಎಂಬ ಒಬ್ಬ ತಪಸ್ವಿ ಮಾತ್ರ ಹೋರಾಟ ಬಿಡಬೇಡ ಎಂದ. ಮಟಿಲ್ಡಾ ಆ ಒಬ್ಬನ ಮಾತಿನ ಕಡೆ ನಿಂತಳು. ಅದೇ ಶರತ್ಕಾಲದಲ್ಲಿ ಹೆನ್ರಿ ಕನೋಸ್ಸಾಕ್ಕೆ ಮತ್ತೆ ಬಂದ, ಈ ಸಲ ಸೈನ್ಯದೊಂದಿಗೆ. ದಟ್ಟ ಮಂಜು ಕವಿದಿತ್ತು. ಬೆಟ್ಟದ ಇಂಚಿಂಚೂ ಬಲ್ಲ ಮಟಿಲ್ಡಾಳ ಸೈನಿಕರು ಅವನ ಧ್ವಜವನ್ನೇ ಕಿತ್ತುಕೊಂಡರು. ಅದನ್ನು ಕನೋಸ್ಸಾದ ದೇವಾಲಯದಲ್ಲಿ ತೂಗುಹಾಕಲಾಯಿತು. ಇಟಲಿಯಲ್ಲಿ ಹೆನ್ರಿಯ ಬಲ ಇಳಿಯತೊಡಗಿದ್ದು ಆಮೇಲೆಯೇ.

1111ರಲ್ಲಿ ಅವನ ಮಗ ಐದನೆಯ ಹೆನ್ರಿ ಬಿಯಾನೆಲ್ಲೊ ಕೋಟೆಗೆ ಬಂದು ಆಕೆಯನ್ನು ಗೌರವಿಸಿದ. 1115ರ ಜುಲೈ 24ರಂದು ಮಟಿಲ್ಡಾ ಕಣ್ಣುಮುಚ್ಚಿದಳು. ಕನೋಸ್ಸಾ ಮಠದ ದೊನಿಜೊನೆ ಎಂಬ ಸನ್ಯಾಸಿ ಆಕೆಯ ಬದುಕನ್ನು ಲ್ಯಾಟಿನ್ ಪದ್ಯದಲ್ಲಿ ಬರೆದಿಟ್ಟಿದ್ದಾನೆ. ನಮಗೆ ಇಷ್ಟೆಲ್ಲ ಗೊತ್ತಾಗಿರುವುದರಲ್ಲಿ ಅವನ ಪಾಲು ದೊಡ್ಡದು.

ಪೋ ನದಿಯ ಬಳಿಯ ಸಾನ್ ಬೆನೆದೆತ್ತೊ ಮಠದಲ್ಲಿ ಆಕೆಯ ಸಮಾಧಿಯಾಯಿತು. ಹದಿನೇಳನೆಯ ಶತಮಾನದಲ್ಲಿ ಅಸ್ಥಿಗಳನ್ನು ರೋಮಿಗೆ ಒಯ್ದು ಸಂತ ಪೀಟರ್ ದೇವಾಲಯದಲ್ಲಿ ಇರಿಸಿದರು. ಶಿಲ್ಪಿ ಬೆರ್ನೀನಿ ರೂಪಿಸಿದ ಆ ಸ್ಮಾರಕದಲ್ಲಿ ಹೆನ್ರಿ ಪೋಪ್‌ರ ಮುಂದೆ ಬಾಗಿದ ದೃಶ್ಯವಿದೆ. ಕನೋಸ್ಸಾವನ್ನು 1255ರಲ್ಲಿ ರೆಜ್ಜೊ ಪಟ್ಟಣದವರೇ ಕೆಡವಿದರು. ಈಗ ಅಲ್ಲಿ ಕೆಲವು ಗೋಡೆ, ಒಂದು ಪುಟ್ಟ ವಸ್ತುಸಂಗ್ರಹಾಲಯ ಉಳಿದಿವೆ. ಕೆಳಗಿನ ಕ್ವಾತ್ರೊ ಕಸ್ತೆಲ್ಲಾ ಎಂಬ ಸಣ್ಣ ಊರಿನಲ್ಲಿ ಮಟಿಲ್ಡಾಳ ಹೆಸರಿನಲ್ಲಿ ವೇಷಭೂಷಣಗಳ ಮೆರವಣಿಗೆ ನಡೆಯುತ್ತದೆ. ಇಟಲಿಗೆ ಹೋಗುವ ಗೆಳತಿಯರು ರೋಮ್, ವೆನಿಸ್‌ಗಳ ನಡುವೆ ಒಂದು ದಿನ ಈ ಬೆಟ್ಟಕ್ಕೂ ಮೀಸಲಿಡಿ. ಆ ಮೂರು ದಿನ ಬಾಗಿಲಾಚೆ ನಿಂತವನನ್ನು ಎಲ್ಲರೂ ನೆನೆಯುತ್ತಾರೆ. ಬಾಗಿಲು ತೆರೆಸಿದವಳನ್ನು ನಾವಾದರೂ ನೆನೆಯೋಣ.