ಮರಳುದಿಬ್ಬಗಳ ದಾರಿ ಬಲ್ಲವನು ಕೊನೆಗೂ ಹೊರಗಿನವನೇ ಆದ

1922ರ ನವೆಂಬರ್ 24ರ ಬೆಳಗ್ಗೆ ಡಬ್ಲಿನ್‌ನ ಬೆಗರ್ಸ್ ಬುಷ್ ಬ್ಯಾರಕ್ಸ್‌ನಲ್ಲಿ ಐರ್ಲೆಂಡಿನ ಹೊಸ ಸರ್ಕಾರ 52 ವರ್ಷದ ಒಬ್ಬ ಲೇಖಕನನ್ನು ಗುಂಡಿಟ್ಟು ಕೊಂದಿತು. ಆತನ ಬಳಿ ಒಂದು ಪುಟ್ಟ ಪಿಸ್ತೂಲು ಸಿಕ್ಕಿತ್ತು ಅನ್ನೋದೇ ಅಪರಾಧ. ಅದನ್ನು ಉಡುಗೊರೆಯಾಗಿ ಕೊಟ್ಟಿದ್ದವನು ಅದೇ ಸರ್ಕಾರವನ್ನು ಕಟ್ಟಿದ ಮೈಕೆಲ್ ಕಾಲಿನ್ಸ್. ಎಂಟು ವರ್ಷ ಹಿಂದೆ ಇದೇ ಲೇಖಕ ತನ್ನ ಹಾಯಿದೋಣಿಯಲ್ಲಿ 900 ಬಂದೂಕು ಹೊತ್ತು ತಂದು ಐರಿಷ್ ಸ್ವಯಂಸೇವಕರ ಕೈಗಿಟ್ಟಿದ್ದ. ಹೆಸರು ಎರ್ಸ್ಕಿನ್ ಚಿಲ್ಡರ್ಸ್.

ಹುಟ್ಟಿದ್ದು 1870ರಲ್ಲಿ, ಲಂಡನ್‌ನಲ್ಲಿ. ಅಪ್ಪ ರಾಬರ್ಟ್ ಸೀಸರ್ ಚಿಲ್ಡರ್ಸ್ ಸಿಲೋನ್‌ನಲ್ಲಿ ಅಧಿಕಾರಿಯಾಗಿದ್ದು ಪಾಲಿ ಕಲಿತವನು. ಪಾಲಿ-ಇಂಗ್ಲಿಷ್ ನಿಘಂಟನ್ನು ಮೊದಲು ಮಾಡಿದವನೇ ಆತ. ಎರ್ಸ್ಕಿನ್‌ಗೆ ಆರು ವರ್ಷ ಆಗಿದ್ದಾಗ ಅಪ್ಪ ಕ್ಷಯದಿಂದ ಸತ್ತ. ಅಮ್ಮನನ್ನೂ ಮಕ್ಕಳಿಂದ ಬೇರ್ಪಡಿಸಿ ಆಸ್ಪತ್ರೆಯಲ್ಲಿಟ್ಟರು, ಆಕೆ ಅಲ್ಲೇ ತೀರಿಕೊಂಡಳು. ಮಕ್ಕಳು ಬೆಳೆದಿದ್ದು ಅಮ್ಮನ ತವರಿನಲ್ಲಿ, ಐರ್ಲೆಂಡಿನ ವಿಕ್ಲೋ ಬೆಟ್ಟಗಳ ನಡುವಿನ ಗ್ಲೆಂಡಲಾಕ್ ಹೌಸ್‌ನಲ್ಲಿ. ಜಮೀನ್ದಾರಿ ಪ್ರಾಟೆಸ್ಟೆಂಟ್ ಮನೆ. ಓದಲು ಕಳಿಸಿದ್ದು ಇಂಗ್ಲೆಂಡಿನ ಹೇಲಿಬರಿ ಶಾಲೆಗೆ. ಹಿಂದೊಮ್ಮೆ ಈಸ್ಟ್ ಇಂಡಿಯಾ ಕಂಪನಿ ನಮ್ಮನ್ನು ಆಳೋಕೆ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಕಾಲೇಜಿನ ಜಾಗ ಅದು. ಆಮೇಲೆ ಕೇಂಬ್ರಿಡ್ಜ್, 1895ರಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ಗುಮಾಸ್ತಿಕೆ. ಸಾಮ್ರಾಜ್ಯದ ಮೇಲೆ ಪೂರ್ತಿ ನಂಬಿಕೆ ಇಟ್ಟಿದ್ದ, ಕುಂಟು ಕಾಲಿನ, ಮಿತಭಾಷಿ ಹುಡುಗ. ಇಲ್ಲಿವರೆಗೆ ಕಥೆಯಲ್ಲಿ ವಿಶೇಷವೇನೂ ಇಲ್ಲ.

ವಿಶೇಷ ಇರೋದು ರಜೆಯಲ್ಲಿ. ಸದನ ನಡೆಯದ ತಿಂಗಳುಗಳಲ್ಲಿ ಗುಮಾಸ್ತರಿಗೆ ಕೆಲಸ ಇರುತ್ತಿರಲಿಲ್ಲ. ಚಿಲ್ಡರ್ಸ್ ಆಗೆಲ್ಲ ಸಮುದ್ರಕ್ಕೆ ಓಡುತ್ತಿದ್ದ. ಆ ಕಾಲದ ಶ್ರೀಮಂತರ ಹಾಗೆ ಸಂಬಳದ ನಾವಿಕರನ್ನಿಟ್ಟುಕೊಂಡು ಡೆಕ್ ಮೇಲೆ ಕಾಲು ಚಾಚಿ ಕೂರುವ ಯಾಟಿಂಗ್ ಆತನಿಗೆ ಹಿಡಿಸಲಿಲ್ಲ. ಮಾರ್ಗರೀಟ್ ಅನ್ನೋ ಅರ್ಧ ಡೆಕ್ಕಿನ ಪುಟ್ಟ ದೋಣಿಯಲ್ಲಿ ಇಂಗ್ಲಿಷ್ ಕಾಲುವೆ ದಾಟುತ್ತಿದ್ದ. 1897ರಲ್ಲಿ ವಿಕ್ಸೆನ್ ಅನ್ನೋ ಇನ್ನೊಂದು ದೋಣಿ ಕೊಂಡ. 30 ಅಡಿ ಉದ್ದ, ಹಿಂದೆ ಲೈಫ್‌ಬೋಟ್ ಆಗಿದ್ದದ್ದು, ನೋಡೋಕೆ ಚೆಂದ ಇಲ್ಲ. ಅಣ್ಣ ಹೆನ್ರಿಯನ್ನು ಜೊತೆಗೆ ಹಾಕಿಕೊಂಡು ಅದರಲ್ಲೇ ಹಾಲೆಂಡ್ ಮತ್ತು ಜರ್ಮನಿಯ ಫ್ರಿಸಿಯನ್ ದ್ವೀಪಗಳ ಒಳಗಿಂದ ಹಾದು ಬಾಲ್ಟಿಕ್‌ವರೆಗೆ ಹೋಗಿಬಂದ.

ಆ ಜಾಗವನ್ನು ಸ್ವಲ್ಪ ವಿವರಿಸಬೇಕು, ಯಾಕಂದ್ರೆ ಮುಂದಿನದ್ದೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಫ್ರಿಸಿಯನ್ ದ್ವೀಪಗಳಿಗೂ ಮುಖ್ಯ ದಡಕ್ಕೂ ನಡುವೆ ಇರೋದು ಅರೆ ಸಮುದ್ರ, ಅರೆ ನೆಲ. ದಿನಕ್ಕೆ ಎರಡು ಸಲ ಉಬ್ಬರ ಬಂದಾಗ ಎಲ್ಲ ನೀರು; ಇಳಿದಾಗ ಮೈಲಿಗಟ್ಟಲೆ ಮರಳು ಮತ್ತು ಕೆಸರು, ನಡುವೆ ಹಾವಿನಂತೆ ಹರಿಯುವ ಸಣ್ಣ ಕಾಲುವೆಗಳು. ಕಾಲುವೆಯ ಅಂಚು ತೋರಿಸೋಕೆ ಸ್ಥಳೀಯರು ಮರದ ಕೊಂಬೆ ನೆಟ್ಟಿರುತ್ತಾರೆ, ಅದೇ ದಾರಿಗುರುತು. ಪ್ರತಿ ದ್ವೀಪದ ಹಿಂದೆ ಎರಡು ಕಡೆಯ ಉಬ್ಬರ ಬಂದು ಸೇರುವ ಒಂದು ಎತ್ತರದ ಜಾಗ ಇದೆ. ಅಲ್ಲಿ ನೀರು ತೀರಾ ಕಡಿಮೆ. ಉಬ್ಬರ ತುಂಬಿದ ಹೊತ್ತಲ್ಲೇ ಅದನ್ನು ದಾಟಬೇಕು, ತಪ್ಪಿದರೆ ದೋಣಿ ಮರಳ ಮೇಲೆ ಕೂರುತ್ತೆ. ದೊಡ್ಡ ಹಡಗಿಗೆ ಅದು ಸಾವು. ಚಿಕ್ಕ ದೋಣಿಗೆ ಅದು ಊಟದ ಸಮಯ. ದೋಣಿಯ ಅಡಿಯಲ್ಲಿ ಗಾಳಿಗೆ ಪಕ್ಕಕ್ಕೆ ಜಾರದಂತೆ ತಡೆಯುವ ಒಂದು ಹಲಗೆ ಇರುತ್ತೆ. ಬೇಕಾದಾಗ ಇಳಿಸಬಹುದು, ನೀರು ಕಡಿಮೆಯಾದಾಗ ಮೇಲೆತ್ತಬಹುದು. ಎತ್ತಿಬಿಟ್ಟರೆ ದೋಣಿ ನೆಲದ ಮೇಲೆ ನೆಟ್ಟಗೆ ಕೂತು ಮುಂದಿನ ಉಬ್ಬರಕ್ಕೆ ಕಾಯುತ್ತೆ. ಎಂಜಿನಿಯರಿಂಗ್ ಓದಿದ ನನಗೆ ಇಷ್ಟು ಸರಳವಾದ ಪರಿಹಾರಗಳ ಮೇಲೆ ಸ್ವಲ್ಪ ಮೋಹ ಜಾಸ್ತಿ. ಇವತ್ತಿಗೂ ಡಿಂಗಿಯಲ್ಲಿ ದೂರ ಪಯಣ ಮಾಡುವವರು ನಂಬೋದು ಈ ಎತ್ತುವ ಹಲಗೆಯನ್ನೇ.

ಆ ಕೆಸರಲ್ಲಿ ಕೂತು ಚಿಲ್ಡರ್ಸ್‌ಗೆ ಒಂದು ಯೋಚನೆ ಬಂತು: ಈ ಆಳವಿಲ್ಲದ ನೀರಿನ ಮರೆಯಲ್ಲಿ ಜರ್ಮನಿ ಸೈನ್ಯ ತುಂಬಿದ ದೋಣಿಗಳನ್ನು ಸೇರಿಸಿ ಇಂಗ್ಲೆಂಡಿನ ಮೇಲೆ ಬಿಟ್ಟರೆ? 1903ರಲ್ಲಿ ಅದು ದಿ ರಿಡಲ್ ಆಫ್ ದಿ ಸ್ಯಾಂಡ್ಸ್ ಕಾದಂಬರಿಯಾಯ್ತು. ಪತ್ತೇದಾರಿ-ಗೂಢಚಾರಿ ಕಾದಂಬರಿಗಳ ಮೂಲಪುರುಷ ಅಂತ ಈಗಲೂ ಅದನ್ನು ಓದುತ್ತಾರೆ. ಬ್ರಿಟಿಷ್ ನೌಕಾಪಡೆಯ ನಿರ್ಲಕ್ಷ್ಯದ ಮೇಲಿನ ಆರೋಪಪಟ್ಟಿಯೂ ಅದೇ. ಆಮೇಲೆ ಆತ ಇನ್ನೊಂದು ಕಾದಂಬರಿ ಬರೆಯಲೇ ಇಲ್ಲ.

ಅದಕ್ಕೂ ಮೊದಲೇ, 1900ರಲ್ಲಿ, ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸ್ವಯಂಸೇವಕನಾಗಿ ಹೋಗಿದ್ದ. ಅಲ್ಲಿ ಸಾಮ್ರಾಜ್ಯದ ಬಗೆಗಿನ ನಂಬಿಕೆಗೆ ಸಣ್ಣದೊಂದು ಬಿರುಕು ಬಿತ್ತು. 1904ರಲ್ಲಿ ಬಾಸ್ಟನ್‌ನ ಮಾಲಿ ಆಸ್‌ಗುಡ್ ಜೊತೆ ಮದುವೆ. ಚಿಕ್ಕಂದಿನ ಅಪಘಾತದಿಂದ ಆಕೆಗೆ ಸರಿಯಾಗಿ ನಡೆಯೋಕೆ ಆಗುತ್ತಿರಲಿಲ್ಲ, ಆದ್ರೆ ಚುಕ್ಕಾಣಿ ಹಿಡಿದರೆ ಯಾರಿಗೂ ಕಮ್ಮಿ ಇರಲಿಲ್ಲ. ಆಕೆಯ ತಂದೆ-ತಾಯಿ ಮದುವೆ ಉಡುಗೊರೆಯಾಗಿ ನಾರ್ವೆಯಲ್ಲಿ ಕಟ್ಟಿಸಿಕೊಟ್ಟ ಹಾಯಿದೋಣಿಯೇ ಆಸ್‌ಗಾರ್ಡ್. 1908ರಲ್ಲಿ ಐರ್ಲೆಂಡ್ ಸುತ್ತಿ ಬಂದ ಚಿಲ್ಡರ್ಸ್ ಸ್ವಯಮಾಡಳಿತದ ಪರ ತಿರುಗಿದ. 1910ರಲ್ಲಿ ಸಂಸತ್ತಿನ ನೌಕರಿ ಬಿಟ್ಟ.

1914ರ ಏಪ್ರಿಲ್‌ನಲ್ಲಿ ಐರಿಷ್ ಸ್ವಯಮಾಡಳಿತವನ್ನು ವಿರೋಧಿಸುತ್ತಿದ್ದ ಉತ್ತರದ ಅಲ್ಸ್ಟರ್ ಪಡೆ ಲಾರ್ನ್ ಬಂದರಿನಲ್ಲಿ ಸುಮಾರು 25,000 ಬಂದೂಕು ಇಳಿಸಿಕೊಂಡಿತು. ಪೊಲೀಸರು ತಡೆಯಲಿಲ್ಲ. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವಾ ಅಂತ ಲಂಡನ್‌ನಲ್ಲಿದ್ದ ಐರಿಷ್ ಪರ ಗೆಳೆಯರ ಗುಂಪು ಚಂದಾ ಎತ್ತಿತು. ಹ್ಯಾಂಬರ್ಗ್‌ನಲ್ಲಿ 1,500 ಹಳೇ ಮೌಸರ್ ಬಂದೂಕು ಕೊಂಡರು. ತರೋದು ಯಾರು? ಚಿಲ್ಡರ್ಸ್ ಆಸ್‌ಗಾರ್ಡ್ ಹೊರಡಿಸಿದ. ದೋಣಿಯಲ್ಲಿದ್ದವರು ಗಂಡ, ಹೆಂಡತಿ, ಈ ಯೋಜನೆಯನ್ನು ಮೊದಲು ಮುಂದಿಟ್ಟ ಮೇರಿ ಸ್ಪ್ರಿಂಗ್ ರೈಸ್, ಬ್ರಿಟಿಷ್ ಸೇನೆಯ ಒಬ್ಬ ಅಧಿಕಾರಿ ಗೆಳೆಯ, ಡೊನೆಗಾಲ್‌ನ ಇಬ್ಬರು ಮೀನುಗಾರರು. ಜುಲೈ 12ರ ರಾತ್ರಿ ಬೆಲ್ಜಿಯಂ ಕರಾವಳಿಯಾಚೆ ಒಂದು ಟಗ್‌ನಿಂದ 900 ಬಂದೂಕು, 29,000 ಗುಂಡು ತುಂಬಿಸಿಕೊಂಡರು. ಒಳಗಿನ ಪೀಠೋಪಕರಣ ಕಿತ್ತು ಹಾಕಿದರೂ ಜಾಗ ಸಾಲಲಿಲ್ಲ. ಎರಡು ವಾರ ಬಂದೂಕಿನ ಮೇಲೇ ಊಟ, ಬಂದೂಕಿನ ಮೇಲೇ ನಿದ್ದೆ. ದಾರಿಯಲ್ಲಿ ಬ್ರಿಟಿಷ್ ಯುದ್ಧನೌಕೆಗಳ ಸಾಲಿನ ನಡುವೆಯೇ ಹಾಯಬೇಕಾಯ್ತು.

ಜುಲೈ 26ರ ಮಧ್ಯಾಹ್ನ, ಹಟ್ಟಹಗಲಲ್ಲಿ, ಡಬ್ಲಿನ್ ಪಕ್ಕದ ಹೌತ್ ಬಂದರು. ಸುರಕ್ಷಿತ ಅಂತ ಹೇಳೋಕೆ ಬರಬೇಕಿದ್ದ ಮೋಟಾರ್ ಬೋಟ್ ಬರಲೇ ಇಲ್ಲ. ಚಿಲ್ಡರ್ಸ್ ಕಾಯಲಿಲ್ಲ. ಗುರುತಿಗೆ ಕೆಂಪು ಲಂಗ ಉಟ್ಟಿದ್ದ ಮಾಲಿ ಚುಕ್ಕಾಣಿಯಲ್ಲಿ, ದೋಣಿ ಸೀದಾ ಒಳಗೆ. ದಡದಲ್ಲಿ ಸ್ವಯಂಸೇವಕರ ದಂಡು ಕಾಯ್ತಾ ಇತ್ತು, ಸ್ವಲ್ಪ ಹೊತ್ತಿಗೆಲ್ಲ ದೋಣಿ ಖಾಲಿ. ಅದೇ ಸಂಜೆ ಬ್ಯಾಚಲರ್ಸ್ ವಾಕ್‌ನಲ್ಲಿ ಬ್ರಿಟಿಷ್ ಸೈನಿಕರು ಜನರ ಮೇಲೆ ಗುಂಡು ಹಾರಿಸಿ ಮೂವರನ್ನು ಕೊಂದರು. ಲಾರ್ನ್‌ನಲ್ಲಿ ಒಂದು ಗುಂಡೂ ಹಾರಿರಲಿಲ್ಲ.

ಮುಂದಿನದ್ದು ವಿಚಿತ್ರ. ಒಂಬತ್ತು ದಿನಕ್ಕೆ ಮಹಾಯುದ್ಧ ಶುರುವಾಯ್ತು, ಚಿಲ್ಡರ್ಸ್ ಬ್ರಿಟಿಷ್ ನೌಕಾಪಡೆ ಸೇರಿದ. ಸಣ್ಣ ದೇಶಗಳ ಸ್ವಾತಂತ್ರ್ಯಕ್ಕಾಗಿ ಈ ಯುದ್ಧ ಅಂತ ನಂಬಿದ್ದ. ನೌಕಾಪಡೆಗೆ ಬೇಕಿದ್ದದ್ದು ಫ್ರಿಸಿಯನ್ ಮರಳುದಿಬ್ಬಗಳ ಪ್ರತಿ ತಿರುವೂ ಗೊತ್ತಿದ್ದ ಮನುಷ್ಯ. 1914ರ ಕ್ರಿಸ್‌ಮಸ್ ದಿನ ಕುಕ್ಸ್‌ಹಾವನ್ ದಾಳಿಗೆ ಹಾರಿದ ಏಳು ಸೀಪ್ಲೇನ್‌ಗಳಲ್ಲಿ ಒಂದರಲ್ಲಿ ದಾರಿ ತೋರಿಸುವವನಾಗಿ ಕೂತು, ವಿಕ್ಸೆನ್‌ನಲ್ಲಿ ತೆವಳಿದ್ದ ಅದೇ ಕರಾವಳಿಯನ್ನು ಮೇಲಿನಿಂದ ನೋಡಿದ. ಮಂಜಿನಲ್ಲಿ ಝೆಪ್ಪೆಲಿನ್ ಶೆಡ್‌ಗಳು ಸಿಗಲೇ ಇಲ್ಲ. 1916ರ ಈಸ್ಟರ್ ದಂಗೆಯಲ್ಲಿ ಹೌತ್‌ನ ಮೌಸರ್‌ಗಳು ಡಬ್ಲಿನ್ ಬೀದಿಯಲ್ಲಿ ಮೊಳಗಿದಾಗ ಅವನ್ನು ತಂದವನು ಇನ್ನೂ ಬ್ರಿಟಿಷ್ ಸಮವಸ್ತ್ರದಲ್ಲೇ ಇದ್ದ. ಇಲ್ಲಿ ದ್ವಂದ್ವ ಇತ್ತು ಅಂತ ಒಪ್ಪಿಕೊಳ್ಳಬೇಕು, ಅದನ್ನು ಮುಚ್ಚಿ ಆತನನ್ನು ಹುಟ್ಟು ಕ್ರಾಂತಿಕಾರಿ ಮಾಡೋದು ಸುಳ್ಳಾಗುತ್ತೆ.

ದಂಗೆಯ ನಾಯಕರನ್ನು ಒಬ್ಬೊಬ್ಬರನ್ನಾಗಿ ಗುಂಡಿಟ್ಟು ಕೊಂದದ್ದು ಆತನನ್ನು ಬದಲಿಸಿತು. 1919ರಲ್ಲಿ ಸಂಸಾರ ಸಮೇತ ಡಬ್ಲಿನ್‌ಗೆ ಬಂದು ಐರಿಷ್ ಗಣರಾಜ್ಯದ ಪ್ರಚಾರದ ಹೊಣೆ ಹೊತ್ತ. 1921ರ ಒಪ್ಪಂದದ ಮಾತುಕತೆಗೆ ಹೋದ ನಿಯೋಗದ ಕಾರ್ಯದರ್ಶಿಯೂ ಆತನೇ. ರಾಜನಿಗೆ ನಿಷ್ಠೆಯ ಪ್ರಮಾಣವನ್ನು ಹಲವರು ವಿರೋಧಿಸಿದರು. ಚಿಲ್ಡರ್ಸ್ ಅದರ ಜೊತೆ ಇನ್ನೊಂದನ್ನೂ ಹಿಡಿದು ಜಗ್ಗಿದ: ಬಂದರುಗಳು. ಬ್ರಿಟನ್ ಮೂರು ಐರಿಷ್ ಬಂದರುಗಳನ್ನು ತನ್ನ ಕೈಯಲ್ಲೇ ಇಟ್ಟುಕೊಂಡರೆ ಬ್ರಿಟನ್ನಿನ ಯುದ್ಧ ತಾನಾಗಿ ಐರ್ಲೆಂಡಿನ ಯುದ್ಧ ಆಗುತ್ತೆ, ಆಗ ಸ್ವಾತಂತ್ರ್ಯ ಎಲ್ಲಿ ಬಂತು ಅನ್ನೋದು ನಾವಿಕನ ವಾದ. ಆ ಬಂದರುಗಳು 1938ರಲ್ಲಿ ವಾಪಸ್ ಬಂದವು. ಎರಡನೇ ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿ ಉಳಿಯೋಕೆ ಆಗಿದ್ದು ಅದರಿಂದಲೇ.

ಆದ್ರೆ ಆಗ ಯಾರೂ ವಾದಕ್ಕೆ ಉತ್ತರ ಕೊಡಲಿಲ್ಲ, ಹುಟ್ಟಿಗೆ ಕೊಟ್ಟರು. ಒಪ್ಪಂದದ ಪರ ಇದ್ದ ಆರ್ಥರ್ ಗ್ರಿಫಿತ್ ತುಂಬಿದ ಸದನದಲ್ಲೇ ಆತನನ್ನು ಇಂಗ್ಲಿಷಿನವನು ಅಂತ ಹೀಯಾಳಿಸಿದ. ಅತ್ತ ಲಂಡನ್‌ನಲ್ಲಿ ಚರ್ಚಿಲ್‌ಗೆ ಆತ ದ್ರೋಹಿ. ಎರಡೂ ಕಡೆ ಒಂದೇ ಆಪಾದನೆ. ಅಂತರ್ಯುದ್ಧದಲ್ಲಿ ಬ್ರಿಡ್ಜ್ ಒಡೆಯುವುದರಿಂದ ಹಿಡಿದು ಎಲ್ಲದರ ಹಿಂದಿನ ಮೆದುಳು ಆತನೇ ಅಂತ ಸುದ್ದಿ ಹಬ್ಬಿತು. ವಾಸ್ತವದಲ್ಲಿ ಬೆಟ್ಟ ಗುಡ್ಡಗಳಲ್ಲಿ ಅಡಗುತ್ತಾ ಗಣರಾಜ್ಯವಾದಿಗಳ ಪತ್ರಿಕೆ ಅಚ್ಚು ಹಾಕಿಸುತ್ತಿದ್ದ.

ನವೆಂಬರ್ 10ರಂದು ಸಿಕ್ಕಿಬಿದ್ದದ್ದು ತಾನು ಬೆಳೆದ ಗ್ಲೆಂಡಲಾಕ್ ಹೌಸ್‌ನಲ್ಲೇ. ಪಿಸ್ತೂಲು ಕೊಟ್ಟಿದ್ದ ಕಾಲಿನ್ಸ್ ಅಷ್ಟರಲ್ಲಿ ಸತ್ತು ಮೂರು ತಿಂಗಳಾಗಿತ್ತು. ಶಸ್ತ್ರ ಇಟ್ಟುಕೊಂಡವರನ್ನು ಸೇನಾ ನ್ಯಾಯಾಲಯವೇ ಕೊಲ್ಲಬಹುದು ಅನ್ನೋ ವಿಶೇಷಾಧಿಕಾರ ಹೊಸ ಸರ್ಕಾರದ ಕೈಯಲ್ಲಿತ್ತು. ನವೆಂಬರ್ 17ರಂದು ಅದೇ ಅಧಿಕಾರದಡಿ ನಾಲ್ವರು ಹೆಸರಿಲ್ಲದ ಹುಡುಗರನ್ನು ಮೊದಲು ಕೊಂದರು. ದೊಡ್ಡ ಹೆಸರಿನವನನ್ನು ಕೊಲ್ಲುವ ಮುಂಚೆ ದಾರಿ ಸಮ ಮಾಡಿಕೊಂಡರು ಅಂತ ಆಗಲೇ ಅನೇಕರಿಗೆ ಅನ್ನಿಸಿತ್ತು, ನನಗೂ ಹಾಗೇ ಅನ್ನಿಸುತ್ತೆ. ಚಿಲ್ಡರ್ಸ್ ಪರವಾದ ಮೇಲ್ಮನವಿ ಇನ್ನೂ ತೀರ್ಮಾನ ಆಗಿರಲಿಲ್ಲ. ಆತನ ಸರದಿ ಬಂದೇಬಿಟ್ಟಿತು.

ಹಿಂದಿನ ರಾತ್ರಿ 16 ವರ್ಷದ ಹಿರಿಮಗನನ್ನು ಕರೆಸಿಕೊಂಡು, ತನ್ನ ಸಾವಿಗೆ ಸಹಿ ಹಾಕಿದ ಪ್ರತಿಯೊಬ್ಬನನ್ನೂ ಹುಡುಕಿ ಕೈಕುಲುಕಬೇಕು ಅಂತ ಮಾತು ತೆಗೆದುಕೊಂಡ. ಬೆಳಗ್ಗೆ ಗುಂಡು ಹೊಡೆಯಬೇಕಿದ್ದ ಸೈನಿಕರ ಕೈಯನ್ನು ತಾನೇ ಒಬ್ಬೊಬ್ಬರದಾಗಿ ಕುಲುಕಿ, ಒಂದೆರಡು ಹೆಜ್ಜೆ ಹತ್ತಿರ ಬನ್ನಿ, ಸುಲಭ ಆಗುತ್ತೆ ಅಂದ.

ಆ ಮಗ 1973ರಲ್ಲಿ ಐರ್ಲೆಂಡಿನ ರಾಷ್ಟ್ರಪತಿಯಾದ. ಆಸ್‌ಗಾರ್ಡ್ ಈಗ ಡಬ್ಲಿನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಆ ಕಟ್ಟಡ ಹಿಂದೆ ಸೇನೆಯ ಬ್ಯಾರಕ್ ಆಗಿತ್ತು, ಅದರ ಹೆಸರು ಕಾಲಿನ್ಸ್ ಬ್ಯಾರಕ್ಸ್.